ಮಲಬಾರ್ ಪ್ರಿನ್ಸೆಸ್: ನಾವು ಕಟ್ಟಿದ ವಿಮಾನ, ಅದರೊಳಗಿದ್ದ ಜನ

ನಮ್ಮ ಚರ್ಚಿನ ಸಭಾಭವನದ ಗಾಜಿನ ಕಪಾಟು ನಿಮಗೆಲ್ಲ ಗೊತ್ತು. ಕ್ರಿಕೆಟ್, ತ್ರೋಬಾಲ್, ಹಗ್ಗಜಗ್ಗಾಟದ ಕಪ್‌ಗಳು, ಬೈಬಲ್ ಕ್ವಿಜ್‌ನ ಶೀಲ್ಡ್‌ಗಳು ಅದರಲ್ಲಿ ತುಂಬಿವೆ. ಕಳೆದ ನವೆಂಬರಿನಿಂದ ಮೇಲಿನ ಖಾನೆಯಲ್ಲಿ ಒಂದು ಬೆಳ್ಳಿ ಬಣ್ಣದ ವಿಮಾನವೂ ಕುಳಿತಿದೆ. ಮೂರು ಬಾಲ, ನಾಲ್ಕು ಎಂಜಿನ್, ಡಾಲ್ಫಿನ್ ಮೀನಿನ ಹಾಗೆ ಬಾಗಿದ ಮೈ. ಭಾನುವಾರ ಪೂಜೆ ಮುಗಿಸಿ ಚಾ ಕುಡಿಯಲು ಬಂದವರು "ಇದು ಯಾವುದರಲ್ಲಿ ಸಿಕ್ಕಿದ ಪ್ರೈಜ್?" ಎಂದು ಕೇಳುತ್ತಾರೆ. ಪ್ರೈಜ್ ಅಲ್ಲ. ಜೂನ್‌ನಿಂದ ಅಕ್ಟೋಬರ್ ತನಕ ನಾವು ಆರು ಮಂದಿ ಧರ್ಮೋಪದೇಶದ ಕೋಣೆಯಲ್ಲಿ ಕುಳಿತು, ಬೈದುಕೊಂಡು, ಎರಡು ಸಲ ಬಿಟ್ಟುಬಿಟ್ಟು, ಮತ್ತೆ ಹಿಡಿದು ಮುಗಿಸಿದ ಕೆಲಸ ಅದು. ಅದರ ಬಗ್ಗೆ ಬರೆಯಿರಿ ಎಂದು ಫಾದರ್ ಹೇಳಿದ್ದರಿಂದ ಬರೆಯುತ್ತಿದ್ದೇವೆ. ಆದರೆ ವಿಮಾನ ಕಟ್ಟಿದ ಕತೆ ಹೇಳಲು ಹೊರಟರೆ ಆ ವಿಮಾನದ ಚರಿತ್ರೆಯನ್ನು ಬಿಡುವ ಹಾಗಿಲ್ಲ. ಎರಡೂ ಒಂದಕ್ಕೊಂದು ಅಂಟಿಕೊಂಡಿವೆ.

ಕಿಟ್ ಬಂದದ್ದು ಗಲ್ಫಿನಿಂದ. ನಮ್ಮ ವಾರ್ಡಿನ ಒಬ್ಬರು ರಜೆಯಲ್ಲಿ ಊರಿಗೆ ಬರುವಾಗ ತಂದು "ಯುವಜನರಿಗೆ" ಎಂದು ಕೊಟ್ಟರು. ದೊಡ್ಡ ಪೆಟ್ಟಿಗೆ, ಮೇಲೆ ಚೆಂದದ ಚಿತ್ರ. ಲಾಕ್‌ಹೀಡ್ ಕಾನ್‌ಸ್ಟಲೇಶನ್, ಎಲ್-749, ಅಳತೆ 1:72. ಅಂದರೆ ನಿಜವಾದ ವಿಮಾನದ 72 ಇಂಚು ನಮ್ಮಲ್ಲಿ ಒಂದು ಇಂಚು. ಅದರ ರೆಕ್ಕೆಯ ಈ ತುದಿಯಿಂದ ಆ ತುದಿಗೆ 123 ಅಡಿ. ನಮ್ಮದರಲ್ಲಿ 52 ಸೆಂಟಿಮೀಟರ್. ಆರಡಿ ಎತ್ತರದ ಮನುಷ್ಯ ಈ ಲೆಕ್ಕದಲ್ಲಿ ಒಂದು ಇಂಚು, ಗೋಡಂಬಿಯಷ್ಟು. ಈ ಗೋಡಂಬಿ ಲೆಕ್ಕವನ್ನು ನೆನಪಿಡಿ, ಮುಂದೆ ಬರುತ್ತದೆ.

ಪೆಟ್ಟಿಗೆ ಬಿಚ್ಚಿದ ದಿನವೇ ಗೊತ್ತಾಯಿತು, ಇದು ಮಕ್ಕಳಾಟಿಕೆ ಅಲ್ಲ ಎಂದು. ಕಿಟ್ ತಯಾರಿಸಿದವರ ಹೆಸರು ಇಲ್ಲಿ ಬೇಡ. ಹಳೆಯ ಅಚ್ಚು, ಸವೆದ ಅಚ್ಚು. ಭಾಗಗಳ ಅಂಚಿನಲ್ಲೆಲ್ಲ ಹೆಚ್ಚುವರಿ ಪ್ಲಾಸ್ಟಿಕ್ ಪೊರೆಯ ಹಾಗೆ ಇಳಿಬಿದ್ದಿತ್ತು. ಕಿಟಕಿಗಳಿಗೆಂದು ಕೊಟ್ಟ ಪಾರದರ್ಶಕ ಪಟ್ಟಿ ಹಾಲು ಚೆಲ್ಲಿದಂತೆ ಮಂಜು. ರೆಕ್ಕೆಯನ್ನು ಮೈಗೆ ಹಿಡಿದು ನೋಡಿದರೆ ನಡುವೆ ಬೆರಳಿನ ಉಗುರು ತೂರುವಷ್ಟು ಸಂದು. ಮೈಯ ಎರಡು ಅರೆಗಳನ್ನು ಮೇಜಿನ ಮೇಲಿಟ್ಟರೆ ಎರಡೂ ಬಾಳೆಹಣ್ಣಿನಂತೆ ಬಾಗಿದ್ದವು. ಬಾಗಿದ ಪ್ಲಾಸ್ಟಿಕ್ಕನ್ನು ಬಿಸಿನೀರಿನಲ್ಲಿ ಅದ್ದಿ ನೆಟ್ಟಗೆ ಮಾಡಬೇಕು ಎಂದು ಎಲ್ಲೋ ನೋಡಿದ್ದೆವು. ಚರ್ಚಿನ ಅಡುಗೆಕೋಣೆಯಿಂದ ದೊಡ್ಡ ಪಾತ್ರೆ ತಂದು ನೀರು ಕಾಯಿಸಿದೆವು. ಒಂದು ಅರೆಯನ್ನು ಅದ್ದಿ, ಒತ್ತಿ, ಚೆನ್ನಾಗಿ ನೆಟ್ಟಗೆ ಮಾಡಿ, ತಣ್ಣೀರಿಗೆ ಹಾಕಿ ಖುಷಿಪಟ್ಟ ಮೇಲೆ ನಮ್ಮಲ್ಲೊಬ್ಬಳು ಫೋನಿನಲ್ಲಿ ನಿಜವಾದ ವಿಮಾನದ ಫೋಟೋ ತೆಗೆದು ತೋರಿಸಿದಳು. ವಿಮಾನವೇ ಹಾಗೆ! ಹುಟ್ಟಿನಿಂದಲೇ ಬಾಗಿದ್ದು. ನಾವು ಸರಿಯಾಗಿದ್ದದ್ದನ್ನು ಹಾಳು ಮಾಡಿದ್ದೆವು. ಮತ್ತೆ ನೀರು ಕಾಯಿಸಿ, ಇನ್ನೊಂದು ಅರೆಯ ಅಳತೆ ನೋಡಿ ಬಾಗಿಸಲು ಎರಡು ಭಾನುವಾರ ಹೋದವು.

ಆ ಎರಡು ವಾರದಲ್ಲಿ ಓದಿದ್ದೇ ನಮ್ಮ ಚರಿತ್ರೆಯ ಮೊದಲ ಪಾಠ. ಯಾಕೆ ಈ ವಿಮಾನ ಬಾಗಿದೆ?

1939ರಲ್ಲಿ ಅಮೆರಿಕದ ಟಿ.ಡಬ್ಲ್ಯು.ಎ. ಕಂಪನಿಯ ಮಾಲೀಕ ಹಾವರ್ಡ್ ಹ್ಯೂಸ್, ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ನಡುವೆ ಎಲ್ಲೂ ಇಳಿಯದೆ ಹಾರುವ ವಿಮಾನ ಬೇಕೆಂದು ಲಾಕ್‌ಹೀಡ್ ಕಂಪನಿಯನ್ನು ಕೇಳಿದ. ಕೆಲ್ಲಿ ಜಾನ್ಸನ್, ಹಾಲ್ ಹಿಬರ್ಡ್ ಮೊದಲಾದ ಎಂಜಿನಿಯರರು ಕುಳಿತು ರೂಪಿಸಿದರು. ಮೋಡಗಳ ಮೇಲೆ, ಗಾಳಿ ತೆಳುವಾಗಿರುವ ಎತ್ತರದಲ್ಲಿ ಹಾರಬೇಕಾದರೆ ಒಳಗೆ ಗಾಳಿಯ ಒತ್ತಡ ಕಾಯ್ದುಕೊಳ್ಳಬೇಕು, ಅದನ್ನು ಮಾಡಿದರು. ನಾಲ್ಕು ಎಂಜಿನ್ ಇಟ್ಟರು, ಒಂದೊಂದರಲ್ಲೂ 18 ಸಿಲಿಂಡರ್. ಅಷ್ಟು ಬಲದ ಎಂಜಿನ್‌ಗೆ ಹದಿನೈದು ಅಡಿ ಅಗಲದ ಪ್ರೊಪೆಲರ್ ಬೇಕು. ಅದು ನೆಲಕ್ಕೆ ತಾಗದಿರಲು ವಿಮಾನವನ್ನು ಎತ್ತರದ ಕಾಲುಗಳ ಮೇಲೆ ನಿಲ್ಲಿಸಬೇಕು. ಮೂಗಿನ ಕೆಳಗಿನ ಕಾಲು ತೀರಾ ಉದ್ದವಾಗುತ್ತದೆಂದು ಮೂಗನ್ನೇ ಸ್ವಲ್ಪ ಕೆಳಗೆ ಬಗ್ಗಿಸಿದರು, ಬಾಲವನ್ನು ಮೇಲಕ್ಕೆತ್ತಿದರು. ಹೀಗೆ ಮೀನಿನ ರೂಪ ಬಂತು. ಒಂದು ಎತ್ತರದ ಬಾಲ ಇಟ್ಟರೆ ಆಗಿನ ಹ್ಯಾಂಗರುಗಳ ಬಾಗಿಲಿನೊಳಗೆ ಹೋಗುವುದಿಲ್ಲ. ಅದಕ್ಕೆ ಮೂರು ಗಿಡ್ಡ ಬಾಲ. ನೋಡಲು ಚೆಂದ, ಕಟ್ಟಲು ಕಷ್ಟ. ಮೈಯ ಸುತ್ತಿನ ಒಂದು ಬಳೆಯಂತೆ ಇನ್ನೊಂದು ಬಳೆ ಇಲ್ಲ, ಎಲ್ಲದರ ಅಳತೆ ಬೇರೆ ಬೇರೆ. ನೆಟ್ಟಗಿನ ಕೊಳವೆಯಂಥ ವಿಮಾನವನ್ನು ನಡುವೆ ತುಂಡು ಸೇರಿಸಿ ಉದ್ದ ಮಾಡುವುದು ಸುಲಭ, ಇದಕ್ಕೆ ಹಾಗೆ ಮಾಡುವುದು ಅಷ್ಟು ಸುಲಭವಲ್ಲ. ಕಾರ್ಖಾನೆಯವರಿಗೇ ಕಷ್ಟ ಕೊಟ್ಟದ್ದು ನಮಗೆ ಕೊಡದೆ ಬಿಡುತ್ತದೆಯೇ ಎಂದು ಆಮೇಲೆ ಸಮಾಧಾನ ಮಾಡಿಕೊಂಡೆವು.

ಮೊದಲ ಕಾನ್‌ಸ್ಟಲೇಶನ್ ಹಾರಿದ್ದು 1943ರ ಜನವರಿ 9ರಂದು. ಮಹಾಯುದ್ಧದ ಕಾಲ, ಮೊದಲ ವಿಮಾನಗಳೆಲ್ಲ ಸೇನೆಗೆ ಹೋದವು. ಇನ್ನೊಂದು ಸಂಗತಿ ನಮಗೆ ಬಹಳ ಇಷ್ಟವಾಯಿತು. 1944ರ ಏಪ್ರಿಲ್‌ನಲ್ಲಿ ಆರ್ವಿಲ್ ರೈಟ್ ಅವರನ್ನು ಈ ವಿಮಾನದಲ್ಲಿ ಕರೆದುಕೊಂಡು ಹೋಗಿ ಸ್ವಲ್ಪ ಹೊತ್ತು ಚುಕ್ಕಾಣಿ ಹಿಡಿಯಲು ಕೊಟ್ಟರಂತೆ. 1903ರಲ್ಲಿ ಅವರು ಮೊಟ್ಟಮೊದಲು ಹಾರಿದ ದೂರ 120 ಅಡಿ. ಈ ವಿಮಾನದ ರೆಕ್ಕೆಯೇ ಅದಕ್ಕಿಂತ ಮೂರು ಅಡಿ ಉದ್ದ. ನಲವತ್ತು ವರ್ಷಗಳಲ್ಲಿ ಅಷ್ಟು ಬದಲಾವಣೆ.

ಈಗ ಹೆಸರಿನ ವಿಷಯ. ಕಿಟ್‌ನಲ್ಲಿ ಕೊಟ್ಟಿದ್ದ ಸ್ಟಿಕ್ಕರುಗಳು ಬೇರೆ ದೇಶದ ವಿಮಾನ ಸಂಸ್ಥೆಯವು. ಹಳೆಯದಾಗಿ ಹಳದಿ ತಿರುಗಿದ್ದವು; ನೀರಿಗೆ ಹಾಕಿದಾಗ ಚೂರು ಚೂರಾಗಿ ತೇಲಿದವು. ಹೇಗೂ ಹೊಸತು ಮಾಡಬೇಕು, ನಮ್ಮ ದೇಶದ ವಿಮಾನವನ್ನೇ ಮಾಡೋಣ ಎಂದು ಹುಡುಕಿದಾಗ ಸಿಕ್ಕಿದ್ದು ‘ಮಲಬಾರ್ ಪ್ರಿನ್ಸೆಸ್’. ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ಕಾನ್‌ಸ್ಟಲೇಶನ್, ನೋಂದಣಿ ವಿ.ಟಿ.-ಸಿ.ಕ್ಯು.ಪಿ. ಕಾಸರಗೋಡಿನವರಾದ ನಮಗೆ ಮಲಬಾರ್ ಎಂಬ ಹೆಸರು ಕೇಳಿದರೆ ಒಂದು ಕಚಗುಳಿ. ಚಂದ್ರಗಿರಿ ಹೊಳೆ ದಾಟಿದರೆ ಮಲಬಾರು, ಈಚೆ ತುಳುನಾಡು ಎಂದು ನಮ್ಮ ಅಜ್ಜ ಅಜ್ಜಿಯರು ಹೇಳುತ್ತಿದ್ದರು. ಆ ವಿಮಾನ ಹಾರುವಾಗ ನಮ್ಮ ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದಾಗ ಕೆಲವು ಕಾಲ ನಾವು ಮಲಬಾರ್ ಜಿಲ್ಲೆಯವರೇ ಆಗಿದ್ದೆವು. ವಯನಾಡಿನ ನಮ್ಮ ಓದುಗರು ಮಾತ್ರ ಮೊದಲಿನಿಂದಲೂ ಮಲಬಾರಿನವರು, ಅವರಿಗೆ ಈ ವಿಮಾನದ ಮೇಲೆ ನಮಗಿಂತ ಹಕ್ಕು ಜಾಸ್ತಿ.

ಭಾರತದ ವಿಮಾನಯಾನದ ಕತೆಯಲ್ಲಿ ಗಡಿನಾಡಿನ ಕನ್ನಡಿಗರಿಗೆ ಹತ್ತಿರದ ಇನ್ನೊಂದು ಊರೂ ಬರುತ್ತದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಬೊಂಬಾಯಿಗೆ ಅಂಚೆ ಹೊತ್ತು ಪುಟ್ಟ ವಿಮಾನ ಹಾರಿಸಿದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯಲ್ಲಿ ಇಳಿಸಿ ಮದ್ರಾಸಿಗೆ ಕೊಂಡೊಯ್ದರು. ಆದವಾನಿ, ರಾಯದುರ್ಗದ ಕಡೆಯ ಓದುಗರು ಗಮನಿಸಬೇಕು, ದೆಹಲಿ, ಬೆಂಗಳೂರುಗಳಿಗಿಂತ ಮೊದಲು ಟಾಟಾ ಅಂಚೆ ವಿಮಾನ ಕಂಡದ್ದು ಬಳ್ಳಾರಿ.

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಸರಕಾರ ಮತ್ತು ಟಾಟಾ ಸೇರಿ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಸ್ಥಾಪಿಸಿದರು. ಜೂನ್ 8ರಂದು ಮಲಬಾರ್ ಪ್ರಿನ್ಸೆಸ್ ಬೊಂಬಾಯಿಯಿಂದ ಕೈರೋ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹೊರಟಿತು. ಭಾರತದಿಂದ ಯುರೋಪಿಗೆ ನಮ್ಮದೇ ವಿಮಾನದ ಮೊದಲ ಸೇವೆ. ಕ್ಯಾಪ್ಟನ್ ಕೆ.ಆರ್. ಗುಜ್ದರ್ ಹಾರಿಸಿದರು. ಪ್ರಯಾಣಿಕರು 35 ಮಂದಿ, ಅವರಲ್ಲಿ ಜೆ.ಆರ್.ಡಿ. ಟಾಟಾ ಸ್ವತಃ ಇದ್ದರು, ನವಾನಗರದ ಜಾಮ್ ಸಾಹೇಬರಂಥ ರಾಜರಿದ್ದರು. ಬಾಬಿ ಕೂಕಾ ಮತ್ತು ಕಲಾವಿದ ಉಮೇಶ್ ರಾವ್ ಸೃಷ್ಟಿಸಿದ, ದೊಡ್ಡ ಮೀಸೆಯ, ತಲೆಬಾಗಿ ನಮಸ್ಕರಿಸುವ ಮಹಾರಾಜನ ಚಿತ್ರ ಅದಕ್ಕೂ ಮೊದಲೇ ಜಾಹೀರಾತುಗಳಲ್ಲಿ ಬಂದಿತ್ತು. ರಾಜಕುಮಾರಿಯ ಹೆಸರಿನ ವಿಮಾನ, ಮಹಾರಾಜನ ಚಿತ್ರ, ಒಳಗೆ ನಿಜವಾದ ಮಹಾರಾಜರು. ನಾವು ಮಾದರಿ ಮಾಡಲು ಹೊರಟದ್ದು ಈ ವಿಮಾನವನ್ನು, ಈ ದಿನವನ್ನು. ಪೆಟ್ಟಿಗೆಯ ಮೇಲಿನ ಚಿತ್ರದಂತೆ ಹೊಳೆಯುವ ಬೆಳ್ಳಿ ವಿಮಾನ, ಕೆಳಗೊಂದು ಫಲಕ: ‘8 ಜೂನ್ 1948’. ಮೊದಲಿನ ಯೋಜನೆ ಅಷ್ಟೇ.

ಕೆಲಸ ಮುಂದುವರಿಯಿತು. ರೆಕ್ಕೆಯ ಸಂದು ತುಂಬಲು ಟಿಂಕರಿಂಗ್ ಗ್ಯಾರೇಜಿನಲ್ಲಿ ಕೆಲಸ ಮಾಡುವ ನಮ್ಮ ಗೆಳೆಯ ಕಾರಿಗೆ ಬಳಿಯುವ ಪುಟ್ಟಿ ತಂದ. ಒಮ್ಮೆಗೇ ದಪ್ಪಕ್ಕೆ ಮೆತ್ತಿದೆವು. ಮರುದಿನ ನೋಡಿದರೆ ಪ್ಲಾಸ್ಟಿಕ್ ಮೆತ್ತಗಾಗಿ ಅಲ್ಲಿ ಕುಳಿ ಬಿದ್ದಿದೆ. ಕೆರೆದು ತೆಗೆದು, ತೆಳುವಾಗಿ ಬಳಿದು, ಒಣಗಿಸಿ, ವಾಟರ್ ಪೇಪರ್ ನೆನೆಸಿ ಉಜ್ಜಿ, ಮತ್ತೆ ಬಳಿದು, ಹೀಗೆ ಏಳು ಸಲ. ಉಜ್ಜುವಾಗ ಅಚ್ಚಿನಲ್ಲಿ ಉಬ್ಬಿ ಬಂದಿದ್ದ ತಗಡಿನ ಗೆರೆಗಳೆಲ್ಲ ಅಳಿಸಿಹೋದವು. ಅವುಗಳನ್ನು ಹೊಲಿಗೆ ಸೂಜಿಯಿಂದ, ಸ್ಕೇಲ್ ಇಟ್ಟು, ಮತ್ತೆ ಗೀಚಬೇಕಾಯಿತು. ಬಾಗಿದ ಮೈಯ ಮೇಲೆ ಸ್ಕೇಲ್ ನಿಲ್ಲುವುದಿಲ್ಲ ಎಂದು ಪ್ರತ್ಯೇಕ ಹೇಳಬೇಕಾಗಿಲ್ಲ.

ಮೂರು ಚಕ್ರದ ವಿಮಾನ. ಮೂಗಿನಲ್ಲಿ ಭಾರವಿಲ್ಲದಿದ್ದರೆ ಬಾಲ ನೆಲಕ್ಕೆ ಕೂರುತ್ತದೆ. ಮಂಜೇಶ್ವರದಿಂದ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ತರಿಸಿ ಕಾಕ್‌ಪಿಟ್ಟಿನ ಹಿಂದೆ ತುಂಬಿ ಅಂಟಿಸಿದೆವು. ಬೇಕಾದಷ್ಟು ಹಾಕಿದ್ದೇವೆ ಎಂದೇ ನಂಬಿದ್ದೆವು.

ಬಣ್ಣದ ಸಂಗತಿ ಬೇರೆಯೇ. ಲೋಹದ ಹೊಳಪು ಬರಬೇಕಾದರೆ ಮೊದಲು ಹೊಳೆಯುವ ಕಪ್ಪು ಬಳಿದು ಅದರ ಮೇಲೆ ಅಲ್ಯೂಮಿನಿಯಂ ಬಣ್ಣ ಸಿಂಪಡಿಸಬೇಕು. ಕಪ್ಪಿನಲ್ಲಿ ಒಂದು ಕೂದಲೆಳೆ ಗೀರು ಇದ್ದರೂ ಬೆಳ್ಳಿಯಲ್ಲಿ ಹತ್ತುಪಟ್ಟು ಕಾಣುತ್ತದೆ. ನಾವು ಸಿಂಪಡಿಸಿದ್ದು ಆಟಿ ತಿಂಗಳಲ್ಲಿ. ಹೊರಗೆ ಸುರಿಯುವ ಮಳೆ, ಗೋಡೆಯೆಲ್ಲ ಬೆವರುವ ಕಾಲ. ಬಣ್ಣ ಒಣಗುವ ಮೊದಲೇ ತೇವ ಹಿಡಿದು ಬೂದಿ ಬಳಿದಂತೆ ಬಿಳಿಚಿಕೊಂಡಿತು. ಇದು ಎರಡನೇ ಸಲ ನಾವು ಬಿಟ್ಟುಬಿಟ್ಟದ್ದು. ಪೆಟ್ಟಿಗೆಗೆ ತುಂಬಿ ಕಪಾಟಿನ ಮೇಲಿಟ್ಟು, ಮೊಂತಿ ಹಬ್ಬದ ತಯಾರಿಗೆ ಹೋದೆವು.

ಅದನ್ನು ಕೆಳಗಿಳಿಸಿದವರು ‘ಹಡಗಿನ ಅಂಕಲ್’. ನಮ್ಮ ಚರ್ಚಿನವರಿಗೆ ಅವರ ಪರಿಚಯ ಹೇಳಬೇಕಿಲ್ಲ, ಬೇರೆಯವರಿಗೆ ಹೇಳುವುದಾದರೆ, ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಸರಕು ಹಡಗುಗಳ ಅಡುಗೆಮನೆಯಲ್ಲಿ ದುಡಿದು ಈಗ ಊರಲ್ಲಿರುವ ಹಿರಿಯರು. ಹಬ್ಬದ ಊಟದ ಪಾತ್ರೆಗಳನ್ನು ಲೆಕ್ಕ ಮಾಡಲು ಬಂದವರು ಪೆಟ್ಟಿಗೆ ನೋಡಿ ಬಿಚ್ಚಿದರು. ಮೂರು ಬಾಲ ಕಂಡು "ಇದೆಂತ ಮಕ್ಕಳೇ?" ಎಂದರು. ನಾವು ಉತ್ಸಾಹದಿಂದ ಜೂನ್ 8ರ ಕತೆ ಹೇಳಿದೆವು, ಜಾಮ್ ಸಾಹೇಬರು, ಟಾಟಾ, ಎಲ್ಲ.

"ಮತ್ತೆ ಈ ವಿಮಾನ ಎಂತ ಆಯಿತು?" ಎಂದು ಕೇಳಿದರು.

"ಎರಡು ವರ್ಷದ ಮೇಲೆ ಬಿತ್ತು ಅಂಕಲ್. ಫ್ರಾನ್ಸ್‌ನ ಪರ್ವತದಲ್ಲಿ."

"ಬಿದ್ದಾಗ ಒಳಗೆ ಯಾರಿದ್ದರು?"

ನಮಗೆ ಗೊತ್ತಿತ್ತು, ಓದಿದ್ದೆವು. ಆದರೆ ಅದನ್ನು ಒಂದು ಸಾಲಿನಷ್ಟೇ ಓದಿ ದಾಟಿದ್ದೆವು. "ಹಡಗಿನ ಕೆಲಸದವರು ಅಂಕಲ್" ಎಂದೆವು. ಅವರು ಮಾದರಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ತಿರುಗಿಸಿ ನೋಡಿದರು. "ನಾನು ಮೊದಲ ಸಲ ವಿಮಾನ ಹತ್ತಿದ್ದು ಹಡಗು ಹತ್ತಲಿಕ್ಕೆ ಮಾರಾಯ್ರೆ" ಎಂದರು. ಅಷ್ಟೇ ಹೇಳಿ ಪಾತ್ರೆ ಎಣಿಸಲು ಹೋದರು. ನಾವು ಮನೆಗೆ ಹೋಗಿ ಮತ್ತೆ ಓದಿದೆವು, ಈ ಸಲ ನಿಧಾನವಾಗಿ.

1950ರ ನವೆಂಬರ್ 3, ಶುಕ್ರವಾರ. ಮಲಬಾರ್ ಪ್ರಿನ್ಸೆಸ್ ಬೊಂಬಾಯಿಯಿಂದ ಹೊರಟು, ಕೈರೋ ದಾಟಿ, ಬೆಳಿಗ್ಗೆ ಜಿನೀವಾದಲ್ಲಿ ಇಳಿಯಲು ಬರುತ್ತಿತ್ತು. ಮುಂದಿನ ನಿಲ್ದಾಣ ಲಂಡನ್. ಹವಾಮಾನ ಕೆಟ್ಟಿತ್ತು, ಬಿರುಗಾಳಿ, ಮೋಡ. ಯುರೋಪಿನ ಆಲ್ಪ್ಸ್ ಪರ್ವತಗಳಲ್ಲೇ ಎತ್ತರವಾದ ಮೋಂ ಬ್ಲಾಂ ಶಿಖರ 4,800 ಮೀಟರಿಗಿಂತ ಎತ್ತರ. ಅದರ ತುದಿಗೆ ಸ್ವಲ್ಪವೇ ಕೆಳಗೆ, ಸುಮಾರು 4,670 ಮೀಟರ್ ಎತ್ತರದ ತುರ್ನೆತ್ ಬಂಡೆಗಳಿಗೆ ವಿಮಾನ ಅಪ್ಪಳಿಸಿತು. ಸಿಬ್ಬಂದಿ 8, ಪ್ರಯಾಣಿಕರು 40, ಒಟ್ಟು 48 ಮಂದಿ. ಒಬ್ಬರೂ ಉಳಿಯಲಿಲ್ಲ. ಪ್ರಯಾಣಿಕರಲ್ಲಿ ಬಹುಪಾಲು ಭಾರತೀಯ ನಾವಿಕರು, ಇಂಗ್ಲೆಂಡಿನಲ್ಲಿ ಕಾಯುತ್ತಿದ್ದ ಹಡಗನ್ನು ಸೇರಿಕೊಳ್ಳಲು ಹೊರಟವರು. ಆ ದಿನ ರಾಜಕುಮಾರಿಯ ವಿಮಾನದಲ್ಲಿ ಮಹಾರಾಜರು ಇರಲಿಲ್ಲ.

ಎರಡು ದಿನ ಬಿರುಗಾಳಿ ನಿಲ್ಲಲಿಲ್ಲ. 5ನೇ ತಾರೀಕು ಹುಡುಕುತ್ತಿದ್ದ ಒಂದು ವಿಮಾನದವರಿಗೆ ಹಿಮದಲ್ಲಿ ಅವಶೇಷ ಕಂಡಿತು. ಯಾರಾದರೂ ಬದುಕಿರಬಹುದೋ ಎಂದು ಕೆಳಗಿನ ಶಮೋನಿ ಕಣಿವೆಯ ಪರ್ವತ ಮಾರ್ಗದರ್ಶಿಗಳು ಆ ಹಿಮದಲ್ಲೇ ಮೇಲೆ ಹತ್ತಿದರು. ಹಾಗೆ ಹತ್ತುವಾಗ ರೆನೆ ಪಯೋ ಎಂಬ ಮಾರ್ಗದರ್ಶಿ ಹಿಮಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಕೆಳಗಿನ ಕಣಿವೆಯಲ್ಲಿ ಹುಟ್ಟಿ ಬೆಳೆದ ಮನುಷ್ಯ. ಬೊಂಬಾಯಿಯಿಂದ ಬಂದ, ತಾನೆಂದೂ ಕಾಣದ ಜನರನ್ನು ಹುಡುಕಿ ಹೋಗಿ ಸತ್ತವರು.

ಈ ದುರಂತದ ನಂತರ ನಡೆದದ್ದು ನಮ್ಮನ್ನು ಹೆಚ್ಚು ಕಾಡಿದ್ದು. ಭಾರತದ ವಿಮಾನ, ರಾಜಕುಮಾರಿಯ ಹೆಸರು. ಒಳಗೆ ಚಿನ್ನ ಇದ್ದಿರಬೇಕು, ವಜ್ರ ಇದ್ದಿರಬೇಕು ಎಂಬ ಮಾತು ಹುಟ್ಟಿತು. ಎರಡು ವರ್ಷದಲ್ಲೇ, 1952ರಲ್ಲಿ, ಫ್ರೆಂಚ್ ಲೇಖಕ ಹಾನ್ರಿ ತ್ರುವಾಯಾ ಈ ಘಟನೆಯಿಂದ ಪ್ರೇರಿತವಾದ ಕಾದಂಬರಿ ಬರೆದರು. ಅದರಲ್ಲಿ ಪರ್ವತದಲ್ಲಿ ಬಿದ್ದ ಭಾರತೀಯ ವಿಮಾನದ ಸಂಪತ್ತನ್ನು ದೋಚಲು ಒಬ್ಬ ತಮ್ಮ ತನ್ನ ಅಣ್ಣನನ್ನು ಕರೆದುಕೊಂಡು ಹೋಗುತ್ತಾನೆ. 1956ರಲ್ಲಿ ಅದನ್ನು ಹಾಲಿವುಡ್ ಸಿನಿಮಾ ಮಾಡಿತು, ಸ್ಪೆನ್ಸರ್ ಟ್ರೇಸಿ ನಟಿಸಿದರು. ಕಾದಂಬರಿಯೂ ಸಿನಿಮಾವೂ ಚೆನ್ನಾಗಿರಬಹುದು, ಅದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ನಿಜವಾದ ವಿಮಾನದಲ್ಲಿದ್ದವರು ಸಂಬಳಕ್ಕೆ ಹೊರಟ ಜನ. ಅವರ ಟ್ರಂಕಿನಲ್ಲಿ ಎಂತ ಇದ್ದಿರುತ್ತದೆ? ಎರಡು ಜೊತೆ ಬಟ್ಟೆ, ಇಂಗ್ಲೆಂಡಿನ ಚಳಿಗೆಂದು ಒಂದು ಕಂಬಳಿ, ಮನೆಯಿಂದ ಕಟ್ಟಿಕೊಟ್ಟ ಉಪ್ಪಿನಕಾಯಿ. ಇದು ನಮ್ಮ ಊಹೆ, ಆದರೆ ಗಲ್ಫಿಗೆ ಹೊರಟವರ ಪೆಟ್ಟಿಗೆ ಕಟ್ಟಿದ ಯಾವ ಮನೆಯವರೂ ಇದನ್ನು ತಪ್ಪು ಎನ್ನಲಾರರು.

ಆ ಕಾಲದ ಭಾರತೀಯ ನಾವಿಕರ ಬಗ್ಗೆ ಸ್ವಲ್ಪ ಹೇಳಬೇಕು. ಬ್ರಿಟಿಷರ ಹಡಗುಗಳಲ್ಲಿ ಅವರನ್ನು ‘ಲಸ್ಕರ್’ ಎಂದು ಕರೆಯುತ್ತಿದ್ದರು. ನೂರಾರು ವರ್ಷಗಳಿಂದ ಬೊಂಬಾಯಿ ಮತ್ತು ಕಲ್ಕತ್ತ ಬಂದರುಗಳಿಂದ ಅವರನ್ನು ತೆಗೆದುಕೊಳ್ಳುತ್ತಿದ್ದರು. ಯಾವ ಊರಿನವರು ಯಾವ ಕೆಲಸಕ್ಕೆ ಎಂಬ ಲೆಕ್ಕ ಇತ್ತು. ಕಲ್ಲಿದ್ದಲು ಸುರಿಯುವ ಎಂಜಿನ್ ಕೋಣೆಗೆ ಸಿಲ್ಹೆಟ್ ಕಡೆಯವರು ಹೆಚ್ಚು, ಅಡುಗೆ ಮತ್ತು ಊಟ ಬಡಿಸುವ ವಿಭಾಗಕ್ಕೆ ಗೋವಾದವರು. ಒಂದೇ ಕೆಲಸಕ್ಕೆ ಬಿಳಿಯ ನಾವಿಕನಿಗಿಂತ ಇವರಿಗೆ ಸಂಬಳ ಬಹಳ ಕಡಿಮೆ. ಗೋವಾದ ಹಳ್ಳಿಗಳವರು ಬೊಂಬಾಯಿಯಲ್ಲಿ ‘ಕೂಡ್’ ಎಂಬ ಊರವರ ಕೋಣೆಗಳನ್ನು ಮಾಡಿಕೊಂಡಿದ್ದರು. ಒಂದು ಹಡಗಿನಿಂದ ಇಳಿದು ಇನ್ನೊಂದು ಸಿಗುವ ತನಕ ಅಲ್ಲಿ ಟ್ರಂಕ್ ಇಟ್ಟು ನೆಲದಲ್ಲಿ ಮಲಗುವುದು, ಸಂಜೆ ಎಲ್ಲರೂ ಸೇರಿ ಜಪಮಾಲೆ. ಎರಡನೇ ಮಹಾಯುದ್ಧದಲ್ಲಿ ಶತ್ರುಗಳ ಟಾರ್ಪಿಡೋಗೆ ಸಿಕ್ಕಿ ಸಾವಿರಾರು ಭಾರತೀಯ ನಾವಿಕರು ಸತ್ತರು. ವಿಮಾನ ಬಂದ ಮೇಲೆ ಹಡಗು ಎಲ್ಲಿದೆಯೋ ಅಲ್ಲಿಗೆ ಆಳುಗಳನ್ನು ಹಾರಿಸಿ ಕಳುಹಿಸುವ ಪದ್ಧತಿ ಶುರುವಾಯಿತು. ಮಲಬಾರ್ ಪ್ರಿನ್ಸೆಸ್‌ನ ಆ ನಾವಿಕರು ಹಾಗೆ ಹೊರಟವರಲ್ಲಿ ಮೊದಮೊದಲಿನವರು. ಹಡಗಿನ ಅಂಕಲ್ ಇಪ್ಪತ್ತಕ್ಕೂ ಹೆಚ್ಚು ಸಲ ಹಾಗೆಯೇ ಹೋಗಿ ಬಂದವರು.

ಇದನ್ನು ಓದುವಾಗ ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರೂ ನೆನಪಿಸಿಕೊಂಡದ್ದು ಒಂದೇ. 2010ರ ಮೇ 22ರ ಮುಂಜಾನೆ. ದುಬೈಯಿಂದ ಮಂಗಳೂರಿಗೆ ಬಂದ ವಿಮಾನ ಬಜ್ಪೆಯ ಗುಡ್ಡದ ರನ್‌ವೇ ದಾಟಿ ಕೆಳಗೆ ಬಿತ್ತು. 166 ಮಂದಿಯಲ್ಲಿ ಉಳಿದದ್ದು 8 ಮಂದಿ. ಸತ್ತವರಲ್ಲಿ ನಮ್ಮ ಕಾಸರಗೋಡಿನವರು ಎಷ್ಟು ಜನ ಎಂದು ಇಲ್ಲಿಯ ಯಾವ ಪೇಟೆಯಲ್ಲಿ ಕೇಳಿದರೂ ಹೇಳುತ್ತಾರೆ, ಹೆಸರು ಸಮೇತ ಹೇಳುತ್ತಾರೆ. ಆಗ ನಮ್ಮಲ್ಲಿ ದೊಡ್ಡವರಿಗೆ ಏಳೆಂಟು ವರ್ಷ. ಟಿ.ವಿ. ನೋಡಬೇಡಿ ಎಂದು ಹೊರಗೆ ಕಳುಹಿಸಿದ್ದು ನೆನಪಿದೆ. ಗುರುತು ಸಿಗದೆ ಉಳಿದವರನ್ನು ಕೂಳೂರಿನ ಹತ್ತಿರ ನದಿಯ ದಂಡೆಯಲ್ಲಿ ಮಣ್ಣು ಮಾಡಿದರು, ಈಗ ಅಲ್ಲಿ ಸ್ಮಾರಕ ಉದ್ಯಾನ ಇದೆ. ಆ ವಿಮಾನದ ಹೆಸರು ಎಂತ ಎಂದು ನಮಗೆ ಯಾರಿಗೂ ಗೊತ್ತಿಲ್ಲ, ಒಳಗಿದ್ದವರು ಗೊತ್ತು. ಮಲಬಾರ್ ಪ್ರಿನ್ಸೆಸ್‌ನದ್ದು ಉಲ್ಟಾ. ಹೆಸರು ಲೋಕಕ್ಕೆಲ್ಲ ಗೊತ್ತು. 2004ರಲ್ಲಿ ಅದೇ ಹೆಸರಿನ ಫ್ರೆಂಚ್ ಸಿನಿಮಾ ಬಂದಿದೆ.

ಹಾಗಾಗಿ ನಮ್ಮ ಯೋಜನೆ ಬದಲಾಯಿತು. ಬದಲಾಯಿಸಬೇಕೋ ಬೇಡವೋ ಎಂದು ದೊಡ್ಡ ಚರ್ಚೆಯೇ ಆಯಿತು. "ಸಂತೋಷದ ದಿನದ ವಿಮಾನ ಮಾಡಲು ಹೊರಟು ಸಾವಿನ ವಿಮಾನ ಮಾಡುವುದೆಂಥದ್ದು? ಮಕ್ಕಳು ನೋಡುವ ಕಪಾಟು" ಎಂದು ಇಬ್ಬರು. "ಮಾದರಿ ಎರಡಕ್ಕೂ ಒಂದೇ ಅಲ್ಲವಾ, ಬಣ್ಣ ಅದೇ, ನೋಂದಣಿ ಅದೇ" ಎಂದು ಉಳಿದವರು. ಅದೂ ನಿಜವೇ. ಕೊನೆಗೆ ವಿಮಾನವನ್ನು ಹಾಗೆಯೇ ಇಟ್ಟು ಅದು ಕೂರುವ ಹಲಗೆಯನ್ನು ಬದಲಿಸಿದೆವು.

ಸೆಪ್ಟೆಂಬರ್ ಕೊನೆಗೆ ಬಿಸಿಲು ಬಿದ್ದಿತು. ಗ್ಯಾರೇಜಿನಲ್ಲಿ ಕಾರಿಗೆ ಬಣ್ಣ ಹೊಡೆಯುವ ಕೋಣೆಯಲ್ಲಿ, ಒಂದು ರಿಟ್ಜ್ ಕಾರು ಒಣಗುವ ಸಂದಿನಲ್ಲಿ, ಮತ್ತೆ ಕಪ್ಪು, ಮತ್ತೆ ಬೆಳ್ಳಿ. ಈ ಸಲ ಹಿಡಿಯಿತು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಮಾಡಿ, ನೀರಿನಲ್ಲಿ ಜಾರಿಸುವ ಕಾಗದದ ಮೇಲೆ ಅಚ್ಚು ಹಾಕಿಸಿದೆವು. ‘ಏರ್ ಇಂಡಿಯಾ ಇಂಟರ್‌ನ್ಯಾಷನಲ್’ ಎಂಬ ಬರಹ, ಬಿಲ್ಲು ಹಿಡಿದ ಅಶ್ವಮಾನವನ ಗುರುತು, ಮೂಗಿನ ಹತ್ತಿರ ವಿಮಾನದ ಹೆಸರು. ಮೂರು ಬಾಲಗಳನ್ನು ಅಂಟಿಸಿದ ದಿನ ಆರು ಮಂದಿಯೂ ಉಸಿರು ಬಿಗಿಹಿಡಿದಿದ್ದೆವು. ಒಂದು ಕೂದಲಷ್ಟು ವಾಲಿದರೂ ಹಿಂದಿನಿಂದ ನೋಡುವಾಗ ಕುಡಿದವನ ಟೋಪಿಯಂತೆ ಕಾಣುತ್ತದೆ. ಬೆಂಕಿಪೆಟ್ಟಿಗೆಗಳನ್ನು ಎರಡೂ ಬದಿಗೆ ಆನಿಸಿ ರಾತ್ರಿಯಿಡೀ ಬಿಟ್ಟೆವು. ಮಂಜು ಕವಿದ ಕಿಟಕಿಪಟ್ಟಿಯನ್ನು ಬಿಸಾಡಿ, ಒಂದೊಂದು ಕಿಟಕಿಗೂ ಪಾರದರ್ಶಕ ಅಂಟನ್ನು ಕಡ್ಡಿಯಿಂದ ಎಳೆದು ತುಂಬಿದೆವು, ಒಣಗಿದಾಗ ಗಾಜಾಯಿತು.

ಕಿಟಕಿ ತುಂಬುವ ಮೊದಲು ಒಳಗೆ ಮನುಷ್ಯರನ್ನು ಕೂರಿಸಬೇಕೆಂದು ನಮ್ಮಲ್ಲೊಬ್ಬನಿಗೆ ಬಹಳ ಆಸೆ ಇತ್ತು. ಗೋಡಂಬಿಯಷ್ಟು ಎತ್ತರದ 48 ಮಂದಿಯನ್ನು ಮೇಣದಲ್ಲಿ ಮಾಡಲು ಕುಳಿತ. ಹನ್ನೊಂದಕ್ಕೆ ಸೋತ. ಮುಖಗಳೆಲ್ಲ ಒಂದೇ ತರ ಬರುತ್ತವೆ, ಬೇಡ ಎಂದ.

ಹಲಗೆ ಮಾಡಿಕೊಟ್ಟವರು ಹಡಗಿನ ಅಂಕಲ್. ಹಲಸಿನ ಮರದ ಹಲಗೆ, ಅವರ ಮನೆಯ ಹಳೆಯ ಬಾಗಿಲಿನದ್ದು. ಅದರ ಅಂಚಿನ ಸುತ್ತ ಹಿತ್ತಾಳೆಯ ಸಣ್ಣ ಮೊಳೆಗಳನ್ನು ಹೊಡೆದಿದ್ದರು. ನಾವು 48 ಎಂದು ಹೇಳಿದ್ದೆವು. ಎಣಿಸಿ ನೋಡಿದಾಗ 49 ಇತ್ತು. ಲೆಕ್ಕ ತಪ್ಪಿತೆಂದು ಹೇಳಲು ಹೋದರೆ "ಹುಡುಕಲಿಕ್ಕೆ ಹೋದವನದ್ದು ಯಾರು ಹೊಡೆಯುವುದು?" ಎಂದು ಕೇಳಿದರು. ಮೃತರ ಸ್ಮರಣೆಯ ದಿನ ನವೆಂಬರ್ 2, ವಿಮಾನ ಬಿದ್ದದ್ದು ಮರುದಿನ, 3. ಅದಕ್ಕೆ 2ರ ಸಂಜೆ ಗೋರಿಗಳ ಆಶೀರ್ವಾದ ಮುಗಿದ ಮೇಲೆ ಕಪಾಟಿನಲ್ಲಿಟ್ಟೆವು. ಭಾಷಣ ಇರಲಿಲ್ಲ, ಚಾ ಇತ್ತು.

ಇನ್ನೊಂದು ಸಂಗತಿಯನ್ನು ಚಿಕ್ಕದಾಗಿ ಹೇಳಿಬಿಡುತ್ತೇವೆ, ಯಾಕೆಂದರೆ ಕೇಳುವವರು ಕೇಳಿಯೇ ಕೇಳುತ್ತಾರೆ. ಹೌದು, ವಿಜ್ಞಾನಿ ಹೋಮಿ ಭಾಭಾ ಅವರಿದ್ದ ವಿಮಾನ ಬಿದ್ದದ್ದೂ ಅದೇ ಪರ್ವತದಲ್ಲಿ, ಹೆಚ್ಚು ಕಡಿಮೆ ಅದೇ ಜಾಗದಲ್ಲಿ. ಆದರೆ ಅದು ಬೇರೆ ವಿಮಾನ, ಬೋಯಿಂಗ್ 707, ಹೆಸರು ಕಾಂಚನಜುಂಗಾ. 1966ರ ಜನವರಿ 24, ಸತ್ತವರು 117 ಮಂದಿ. ಆ ಶಿಖರದಿಂದ ಕೆಳಗಿಳಿಯುವ ಬೊಸೊಂ ಎಂಬ ಹಿಮನದಿ ಎರಡೂ ವಿಮಾನಗಳ ಚೂರುಗಳನ್ನು ನುಂಗಿಕೊಂಡು ದಶಕಗಳ ಕಾಲ ನಿಧಾನವಾಗಿ ಜಾರುತ್ತಾ ಬಂದಿದೆ. ಕೆಳಗೆ ಹಿಮ ಕರಗುವಲ್ಲಿ ಚಕ್ರ, ಎಂಜಿನ್‌ನ ತುಂಡು, ಅಂಚೆಯ ಕಾಗದಗಳು ಹೊರಬಂದಿವೆ. 2020ರಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾದ ಸುದ್ದಿ ಇದ್ದ 1966ರ ಭಾರತೀಯ ಪತ್ರಿಕೆಗಳು ಓದುವ ಹಾಗೆಯೇ ಸಿಕ್ಕಿದವು. ಹರಳುಗಳ ಒಂದು ಪೆಟ್ಟಿಗೆಯೂ 2013ರಲ್ಲಿ ಒಬ್ಬ ಪರ್ವತಾರೋಹಿಗೆ ಸಿಕ್ಕಿತು. ಅವನು ಅದನ್ನು ಪೊಲೀಸರಿಗೆ ಒಪ್ಪಿಸಿದ. ಅದು ಎರಡನೇ ವಿಮಾನದ್ದು ಎಂದು ಹೇಳುತ್ತಾರೆ.

ನಮ್ಮ ವಿಮಾನದಲ್ಲಿ ತಪ್ಪುಗಳಿವೆ. ಎಡಗಡೆಯ ಹೊರಗಿನ ಎಂಜಿನ್ ಸ್ವಲ್ಪ ಮೇಲೆ ನೋಡುತ್ತದೆ. ಬಲಗಡೆಯ ರೆಕ್ಕೆಯ ಬುಡದಲ್ಲಿ ಏಳು ಸಲ ಬಳಿದ ಪುಟ್ಟಿ ಮತ್ತೆ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಸೀಸದ ಗುಂಡು ಸಾಲದೆ ಹೋಯಿತು. ಬಾಲದ ಕೆಳಗೆ ಒಂದು ಪಾರದರ್ಶಕ ಕಡ್ಡಿ ಆನಿಸಿದ್ದೇವೆ, ಅದನ್ನು ತೆಗೆದರೆ ವಿಮಾನ ಕುಕ್ಕರಗಾಲಿನಲ್ಲಿ ಕೂರುತ್ತದೆ. ಕಪಾಟಿನ ಬೀಗದ ಕೈ ಚರ್ಚಿನ ಕಚೇರಿಯಲ್ಲಿದೆ. ಹತ್ತಿರದಿಂದ ನೋಡಬೇಕೆನಿಸಿದರೆ ಕೇಳಿ ತೆಗೆದುಕೊಳ್ಳಿ. ಎತ್ತುವುದಾದರೆ ರೆಕ್ಕೆ ಹಿಡಿಯಬೇಡಿ, ಹಲಗೆ ಹಿಡಿದು ಎತ್ತಿ.